‘ಟೀಚರ್, ಇದು ಅನ್ಯಾಯ!’: ಪುಟ್ಟ ಮಕ್ಕಳಿಗೆ ಹಕ್ಕಿನ ಪಾಠ ಹೀಗೆ ಮಾಡಿ

ಮೂರನೇ, ನಾಲ್ಕನೇ ಕ್ಲಾಸಿನ ಮಕ್ಕಳ ಮುಂದೆ ‘ನಾಗರಿಕ ಹಕ್ಕು’ ಎಂದು ಬೋರ್ಡಿನಲ್ಲಿ ಬರೆದರೆ ಅದನ್ನು ನೀಟಾಗಿ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಾರೆ, ಅಷ್ಟೇ. ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಕಡೆಯ ಕನ್ನಡ ಎಲ್.ಪಿ. (ಕಿರಿಯ ಪ್ರಾಥಮಿಕ) ಶಾಲೆಯೊಂದರಲ್ಲಿ ನಾನೂ ಎರಡು ವರ್ಷ ಹಾಗೇ ಮಾಡಿದೆ. ಈಗ ಆ ಪದವನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ.

ಶುರು ಮಾಡಬೇಕಾದ್ದು ದೂರಿನಿಂದ. ಒಬ್ಬೊಬ್ಬರಿಗೂ ಒಂದು ಚೀಟಿ ಕೊಟ್ಟು, ‘ನಿನಗೆ ಅನ್ಯಾಯ ಅನಿಸಿದ್ದು ಒಂದನ್ನು ಬರಿ’ ಎನ್ನಿ. ಮನೆಯಲ್ಲಿ ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಮಾತಾಡುವ ಮಕ್ಕಳು. ಮೊದಲು ಅವರವರ ಮಾತಲ್ಲೇ ಹೇಳಲಿ, ಆಮೇಲೆ ಕನ್ನಡದಲ್ಲಿ ಬರೆಯಲಿ. ಕಾಗುಣಿತ ತಿದ್ದಲು ಹೋಗಬೇಡಿ. ‘ಅಣ್ಣನಿಗೆ ಸೈಕಲ್, ನನಗಿಲ್ಲ.’ ‘ಗ್ರೌಂಡೆಲ್ಲ ಹುಡುಗರದ್ದೇ.’ ‘ಅಜ್ಜಿಗೆ ಬಸ್ಸಿನ ಬೋರ್ಡು ಓದಲಿಕ್ಕಾಗುವುದಿಲ್ಲ, ಮಲಯಾಳ ಮಾತ್ರ ಇದೆ.’ ಚೀಟಿಗಳನ್ನು ಮಕ್ಕಳೇ ಎರಡು ರಾಶಿ ಮಾಡಲಿ: ನನಗೊಬ್ಬನಿಗೆ ಆದದ್ದು, ನನ್ನ ಹಾಗೆ ತುಂಬ ಜನರಿಗೆ ಆಗುವುದು. ಸೈಕಲ್ ಯಾವ ರಾಶಿಗೆ ಎಂದು ಜಗಳ ಆಗುತ್ತದೆ, ಅಣ್ಣನಿಗೆ ಕೊಟ್ಟದ್ದು ಅವನು ದೊಡ್ಡವನೆಂದೋ ಹುಡುಗನೆಂದೋ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಆಗಲಿ ಬಿಡಿ.

ಮರುದಿನ ಓದು. ನಾನು ರೂಬಿ ಬ್ರಿಜಸ್ ಕಥೆಯನ್ನು ಒಂದು ಪುಟದಲ್ಲಿ ಬರೆದಿಟ್ಟುಕೊಂಡಿದ್ದೇನೆ. 1960ರ ನವೆಂಬರ್ 14ರಂದು, ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ, ಆರು ವರ್ಷದ ಈ ಕರಿಯ ಹುಡುಗಿ ಅಲ್ಲಿವರೆಗೆ ಬಿಳಿಯರಿಗಷ್ಟೇ ಇದ್ದ ಶಾಲೆಗೆ ಕಾವಲಿನವರ ಜೊತೆ ನಡೆದು ಹೋದಳು. ಹೊರಗೆ ಜನ ಕಿರುಚುತ್ತಿದ್ದರು. ಎಷ್ಟೋ ಬಿಳಿಯ ಅಪ್ಪ ಅಮ್ಮಂದಿರು ಮಕ್ಕಳನ್ನು ಮನೆಗೆ ಕರೆದೊಯ್ದರು. ಇಡೀ ವರ್ಷ ಒಬ್ಬ ಟೀಚರ್ ಅವಳೊಬ್ಬಳಿಗೇ ಪಾಠ ಮಾಡಿದರು.

ರೂಬಿಯಾಗಿ ಡೈರಿ ಬರೆಯಿರಿ ಎಂದರೆ ಎಲ್ಲರೂ ಚೆನ್ನಾಗಿ ಬರೆಯುತ್ತಾರೆ, ಒಳ್ಳೆಯವರಾಗುವುದು ಸುಲಭ ಅಲ್ವಾ. ಮನೆಯಲ್ಲಿ ಉಳಿದ ಬಿಳಿಯ ಮಗುವಾಗಿಯೂ ಬರೆಯಿಸಿ. ಅಲ್ಲಿ ಪೆನ್ಸಿಲ್ ನಿಲ್ಲುತ್ತದೆ. ‘ನನಗೆ ಶಾಲೆಗೆ ಹೋಗಬೇಕು, ಅಪ್ಪ ಬಿಡುವುದಿಲ್ಲ, ಯಾಕೆಂದು ಕೇಳಿದರೆ ಬಯ್ಯುತ್ತಾರೆ’ ಎಂದು ಒಬ್ಬಳು ಬರೆದಿದ್ದಳು.

ಅಮೆರಿಕದಲ್ಲೇ ನಿಂತರೆ ‘ಅವರು ಕೆಟ್ಟವರು’ ಎಂದು ಮುಗಿಯುತ್ತದೆ. ಹಾಗಾಗಿ ಅಂಬೇಡ್ಕರ್ ಅವರ ಬಾಲ್ಯಕ್ಕೆ ಬನ್ನಿ: ಕೂರಲು ಮನೆಯಿಂದ ತಂದ ಗೋಣಿ, ಜವಾನ ನೀರು ಹೊಯ್ಯದಿದ್ದರೆ ಬಾಯಾರಿಕೆ. ಆಮೇಲೆ ನಮ್ಮ ಕಾಸರಗೋಡಿನ ಮಣ್ಣಿನವರೇ ಆದ ಕುದ್ಮುಲ್ ರಂಗರಾಯರು, 1892ರಲ್ಲಿ ಮಂಗಳೂರಿನಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದವರು. ಒಂದು ಎಚ್ಚರಿಕೆ: ಈ ಕಥೆಗಳನ್ನು ನಾಟಕ ಮಾಡಿಸಬೇಡಿ, ಯಾರ ಜಾತಿಯನ್ನೂ ಕೇಳಬೇಡಿ. ನೀರು ಸಿಗದ ಹುಡುಗನ ಪಾತ್ರ ಯಾವ ಮಗುವಿಗೆ ಬಂತು ಎಂಬುದನ್ನು ಉಳಿದ ಮಕ್ಕಳು ಮರೆಯುವುದಿಲ್ಲ.

ಸಂವಿಧಾನ ಬರುವುದು ಇಷ್ಟಾದ ಮೇಲೆ. ಓದಿದ ಕಥೆಗೆ ಹೊಂದುವ ವಿಧಿಯನ್ನು ಮಾತ್ರ ಹೇಳಿ: 17ನೇ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿತು, 21ಎ ವಿಧಿಯಂತೆ ಆರರಿಂದ ಹದಿನಾಲ್ಕು ವರ್ಷದವರಿಗೆ ಶಿಕ್ಷಣ ಹಕ್ಕು. ನಮ್ಮ ಮಕ್ಕಳ ಕಣ್ಣು ಅರಳುವುದು 350ನೇ ವಿಧಿಗೆ. ಕಷ್ಟ ಹೇಳಿಕೊಳ್ಳಲು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಅರ್ಜಿ ಕೊಡಬಹುದು ಎನ್ನುತ್ತದೆ ಅದು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ್ದನ್ನು ಇಲ್ಲೇ ಹೇಳಿಬಿಡಿ. ಕೇರಳದ 1969ರ ಭಾಷಾ ಕಾಯ್ದೆಯೂ ಕನ್ನಡಿಗರು ಸರ್ಕಾರದ ಜೊತೆ ಕನ್ನಡದಲ್ಲೇ ಪತ್ರ ವ್ಯವಹಾರ ಮಾಡಲು ಅವಕಾಶ ಕೊಟ್ಟಿದೆ.

ಕೊನೆಗೆ ಪತ್ರ. ಎರಡನೇ ರಾಶಿಯಿಂದ ಒಂದು ಚೀಟಿಯನ್ನು ಮಕ್ಕಳೇ ಓಟು ಹಾಕಿ ಆರಿಸಲಿ. ಇಂದ, ಇವರಿಗೆ, ವಿಷಯ, ಏನಾಗಿದೆ, ಏನಾಗಬೇಕು: ಅರ್ಧ ಪುಟ ಸಾಕು. ‘ದಯಮಾಡಿ’ ಒಂದೇ ಸಲ ಬರಲಿ, ನಮ್ಮ ಮಕ್ಕಳು ಅದನ್ನು ಜಾಸ್ತಿ ಹಾಕುತ್ತಾರೆ. ಸುಮ್ನೆ ಅಭ್ಯಾಸಕ್ಕೆ ಬರೆಸಿ ಮಾರ್ಕ್ಸ್ ಹಾಕಬೇಡಿ, ನಿಜವಾಗಿ ಕಳಿಸಿ, ಪ್ರತಿ ಇಟ್ಟುಕೊಳ್ಳಿ, ರಶೀದಿಯನ್ನು ಕ್ಲಾಸಿನ ಗೋಡೆಗೆ ಅಂಟಿಸಿ.

ನಮ್ಮವರು ಬಸ್ಸಿನ ಬೋರ್ಡಿನ ಬಗ್ಗೆ ಬರೆದರು. ಒಂದೂವರೆ ತಿಂಗಳಿಗೆ ಉತ್ತರ ಬಂತು, ಮಲಯಾಳದಲ್ಲಿ. ಓದಿ ಹೇಳಿದೆ. ಹಿಂದಿನ ಬೆಂಚಿನಿಂದ ಒಬ್ಬ ಎದ್ದು, ‘ಟೀಚರ್, ಇನ್ನೊಂದು ಕಾಗದ ಕೊಡಿ’ ಎಂದ.