ಚಿಯಾಂಗ್ ಮಾಯ್ ದೀಪದ ಹಬ್ಬದಲ್ಲಿ ನಾನು ಫೋಟೊ ತೆಗೆಯುವ ಬಗೆ

ಚಿಯಾಂಗ್ ಮಾಯ್ ದೀಪದ ಹಬ್ಬ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಒಂದೇ ಫೋಟೊ. ಕಪ್ಪು ಆಕಾಶ, ಅದರ ತುಂಬಾ ಕಿತ್ತಳೆ ಚುಕ್ಕೆಗಳು. ಅದೂ ಚೆಂದವೇ. ಆದರೆ ನನಗೆ ಬೇಕಿರುವುದು ದೀಪ ಇನ್ನೂ ಕೈಯಲ್ಲಿರುವ ಹೊತ್ತು.

ಉತ್ತರ ಥಾಯ್ಲೆಂಡಿನ ಈ ಊರಲ್ಲಿ ಸಾಮಾನ್ಯವಾಗಿ ನವೆಂಬರ್ ಹುಣ್ಣಿಮೆಗೆ ಎರಡು ಹಬ್ಬ ಒಟ್ಟಿಗೇ ಬರುತ್ತವೆ. ಲೋಯ್ ಕ್ರಥೋಂಗ್‌ನಲ್ಲಿ ದೀಪವನ್ನು ನೀರಿಗೆ ಬಿಡುತ್ತಾರೆ, ಯೀ ಪೆಂಗ್‌ನಲ್ಲಿ ಆಕಾಶಕ್ಕೆ. ಬಹುಪಾಲು ನಮ್ಮ ಕಾರ್ತಿಕ ಹುಣ್ಣಿಮೆಯ ಹೊತ್ತಿಗೇ.

ಹಾರುವ ದೀಪಕ್ಕೆ ಅಲ್ಲಿ ಖೋಮ್ ಲೋಯ್ ಅನ್ನುತ್ತಾರೆ. ಬಿದಿರಿನ ಬಳೆಗೆ ತೆಳು ಕಾಗದ ಅಂಟಿಸಿರುತ್ತಾರೆ, ಕೆಳಗೆ ಮೇಣ ಹೀರಿದ ಬತ್ತಿ. ಹಚ್ಚಿದ ತಕ್ಷಣ ಅದು ಏಳುವುದಿಲ್ಲ. ಒಳಗಿನ ಗಾಳಿ ಬಿಸಿಯಾಗಬೇಕು. ಅಲ್ಲಿಯವರೆಗೆ ಇಬ್ಬರೋ ಮೂವರೋ ಅಂಚು ಹಿಡಿದು ನಿಂತಿರುತ್ತಾರೆ. ಆಗ ಇಡೀ ಕಾಗದ ಬೆಳಗಿ, ಎಲ್ಲರ ಮುಖದ ಮೇಲೂ ಮೆತ್ತಗಿನ ಬೆಳಕು ಬೀಳುತ್ತದೆ. ಸ್ಟುಡಿಯೋದಲ್ಲೂ ಅಂಥ ಬೆಳಕು ಸಿಗುವುದು ಕಷ್ಟ. ಒಂದು ಸಲ ಒಬ್ಬ ಅಜ್ಜಿ ಮಡಿಕೆ ಬಿದ್ದ ಕಾಗದವನ್ನು ಹೆಬ್ಬೆರಳಿನಿಂದ ಸವರಿ ಬಿಡಿಸುತ್ತಿದ್ದರು. ಪಕ್ಕದಲ್ಲಿ ಮೊಮ್ಮಗಳು ಕುಕ್ಕರುಗಾಲಲ್ಲಿ ಕೂತು ಉರಿಯನ್ನೇ ನೋಡುತ್ತಿದ್ದಳು. ಆ ಸಲದ ಚಿತ್ರಗಳಲ್ಲಿ ನನಗೆ ಅತಿ ಇಷ್ಟವಾದದ್ದು ಅದೇ.

ಇಂಥ ಚಿತ್ರಕ್ಕೆ 35 ಎಂಎಂ ಲೆನ್ಸ್ ಸಾಕು. ಲೆನ್ಸಿನ ಕಂಡಿಯನ್ನು ಎಫ್ 1.8ಕ್ಕೆ ಅಗಲವಾಗಿ ತೆರೆದು, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600ರಿಂದ 3200ರ ಒಳಗೆ, ಶಟರ್ 1/125 ಸೆಕೆಂಡಿನ ಆಸುಪಾಸು ಇಟ್ಟುಕೊಳ್ಳುತ್ತೇನೆ. ಸ್ಪಾಟ್ ಮೀಟರಿಂಗ್, ಅಂದರೆ ಒಂದು ಚಿಕ್ಕ ಜಾಗದ ಬೆಳಕನ್ನಷ್ಟೇ ಅಳೆಯುವುದು, ಮುಖದ ಮೇಲೆ. ದೀಪದ ಮೇಲೆ ಅಳತೆ ಮಾಡಿದರೆ ಮುಖ ಕತ್ತಲಾಗುತ್ತದೆ. ಕ್ಯಾಮೆರಾ ತಾನಾಗಿ ಬಣ್ಣ ಹೊಂದಿಸುವ ಆಟೋ ವೈಟ್ ಬ್ಯಾಲೆನ್ಸ್ ಆ ಬೆಚ್ಚನೆ ಬಣ್ಣವನ್ನು ತೊಳೆದುಹಾಕುತ್ತದೆ. ಅದಕ್ಕೇ ಆ ಬಣ್ಣದ ಅಳತೆಯನ್ನು 4000 ಕೆಲ್ವಿನ್ ಹತ್ತಿರ ನಾನೇ ನಿಲ್ಲಿಸುತ್ತೇನೆ. ಫ್ಲ್ಯಾಶ್ ಬೇಡವೇ ಬೇಡ.

ಅಂದಹಾಗೆ, ಖೋಮ್ ಲೋಯ್ ಅನ್ನು ಊರೊಳಗೆ ಬೇಕೆಂದಾಗ, ಬೇಕೆಂದಲ್ಲಿ ಹಾರಿಸುವಂತಿಲ್ಲ. ವಿಮಾನ ನಿಲ್ದಾಣ ಊರಿಗೆ ತೀರಾ ಹತ್ತಿರ. ಆ ವರ್ಷದ ನಿಯಮವನ್ನು ಉಳಿದುಕೊಂಡಿರುವ ಕಡೆಯೇ ಕೇಳಿಕೊಳ್ಳಿ. ಸಾವಿರಾರು ದೀಪ ಒಮ್ಮೆಗೇ ಏಳುವ ಕಾರ್ಯಕ್ರಮಗಳು ಊರ ಹೊರಗೆ, ಟಿಕೆಟ್ ಜಾಸ್ತಿ.

ಆರು ಗಂಟೆಗೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಆಮೇಲಿನ ಅರ್ಧ ಗಂಟೆ ಆಕಾಶ ಕಡು ನೀಲಿ. ನೀಲಿ ಮತ್ತು ಕಿತ್ತಳೆ ಒಟ್ಟಿಗೆ ಸಿಗುವುದು ಆಗ ಮಾತ್ರ. ವಾಟ್ ಫಾನ್ ತಾವ್ ದೇಗುಲದ ತೇಗದ ಮಂಟಪದ ಹಿಂದೆ ಕೊಳವೊಂದಿದೆ, ಅದರ ಸುತ್ತ ಕಿರಿಯ ಭಿಕ್ಷುಗಳು ಹಣತೆ ಹಚ್ಚುತ್ತಾರೆ. ಜಾಗ ಬೇಕಿದ್ದರೆ ಮಧ್ಯಾಹ್ನವೇ ಹೋಗಬೇಕು.

ಕತ್ತಲಾದ ಮೇಲೆ ನಾನು ಪಿಂಗ್ ನದಿಯ ದಂಡೆಗೆ ಹೋಗುತ್ತೇನೆ. ಕ್ರಥೋಂಗ್ ಅಂದರೆ ಬಾಳೆದಿಂಡಿನ ಬಿಲ್ಲೆ, ಸುತ್ತ ಮಡಚಿದ ಬಾಳೆ ಎಲೆ, ನಡುವೆ ಚೆಂಡುಹೂ, ಊದುಬತ್ತಿ, ಮೇಣದ ಬತ್ತಿ. ನಮ್ಮ ಕಡೆಯವರಿಗೆ ನೋಡಿದ ಕೂಡಲೇ ಮನೆಯದ್ದೇ ಅನ್ನಿಸುತ್ತದೆ, ಅಲ್ವಾ? ನೀರಿಗೆ ಬಿಡುವ ಮುಂಚೆ ಅದನ್ನು ಹಣೆಯ ಹತ್ತಿರ ಎತ್ತಿ ಕಣ್ಣು ಮುಚ್ಚುತ್ತಾರೆ. ಅದು ಪ್ರಾರ್ಥನೆಯ ಗಳಿಗೆ, ಮುಖದ ಮುಂದೆ ಲೆನ್ಸ್ ಚಾಚಬಾರದು. ಮೊದಲೇ ಕ್ಯಾಮೆರಾ ತೋರಿಸಿ ಕಣ್ಣಲ್ಲೇ ಕೇಳುತ್ತೇನೆ, ತಲೆಯಾಡಿಸಿದರೆ ಪಕ್ಕದಿಂದ ತೆಗೆಯುತ್ತೇನೆ. ತೇಲಿ ಹೋಗುವ ದೀಪಗಳಿಗಾದರೆ ಕ್ಯಾಮೆರಾವನ್ನು ಮೆಟ್ಟಿಲ ಮೇಲೇ ಇಟ್ಟು ಶಟರನ್ನು ಎರಡು ಸೆಕೆಂಡು ತೆರೆದಿಡುತ್ತೇನೆ. ದೀಪಗಳು ಗೆರೆಗಳಾಗುತ್ತವೆ.

ಮಾರನೇ ದಿನ ನಸುಕಿಗೆ ದೋಯ್ ಇಂಥನೋನ್. 2565 ಮೀಟರ್, ಥಾಯ್ಲೆಂಡಿನ ಅತಿ ಎತ್ತರದ ಬೆಟ್ಟ. ಕ್ಯೂ ಮೇ ಪಾನ್ ಕಾಲುದಾರಿಯಲ್ಲಿ ಸ್ಥಳೀಯ ಮಾರ್ಗದರ್ಶಿ ಜೊತೆಗೇ ನಡೆಯಬೇಕು. ಮಳೆಗಾಲದಲ್ಲಿ ಮುಚ್ಚಿರುತ್ತದೆ. ಅಂಚಿಗೆ ಬಂದಾಗ ಕೆಳಗಿನ ಕಣಿವೆ ಪೂರ್ತಿ ಮಂಜು. ಇಲ್ಲಿ ಅಗಲ ಲೆನ್ಸಿಗಿಂತ ದೂರದ್ದನ್ನು ಹತ್ತಿರ ತರುವ 70-200 ಎಂಎಂ ಲೆನ್ಸ್ ಒಳ್ಳೆಯದು. ಮಂಜಿನಿಂದ ತಲೆ ಎತ್ತಿದ ಬೆಟ್ಟಸಾಲುಗಳನ್ನು ಒಂದರ ಹಿಂದೆ ಒಂದು ಒತ್ತಿ ತೋರಿಸುತ್ತದೆ. ಮಂಜು ಬೂದಿಬಣ್ಣ ಆಗದಂತೆ ಎಕ್ಸ್‌ಪೋಷರ್ ಒಂದು ಸ್ಟಾಪ್ (ಬೆಳಕು ಎರಡು ಪಟ್ಟು) ಏರಿಸಿ. ಇಳಿದು ಬೆಚ್ಚಗಿನ ವ್ಯಾನು ಹತ್ತುವ ಮುಂಚೆ ಕ್ಯಾಮೆರಾವನ್ನು ಚೀಲದೊಳಗಿಟ್ಟು ಜಿಪ್ ಎಳೆಯಿರಿ, ಇಲ್ಲದಿದ್ದರೆ ಲೆನ್ಸ್ ಮೇಲೆ ಹಬೆ ಕೂರುತ್ತದೆ.