ಕಾರಿನ ಎಸಿ ಆನ್ ಆಗುತ್ತಿಲ್ಲವೇ? ಗ್ಯಾಸ್ ತುಂಬಿಸುವ ಮುನ್ನ ಇಷ್ಟು ನೋಡಿ

ಏಪ್ರಿಲ್ ಬಿಸಿಲಲ್ಲಿ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೊರಟಾಗ ಎಸಿ ಕೈಕೊಟ್ಟರೆ ಮೊದಲು ಬರುವ ಮಾತು, ‘ಗ್ಯಾಸ್ ಖಾಲಿ ಆಗಿರಬೇಕು, ತುಂಬಿಸಿಬಿಡೋಣ’. ಸ್ವಲ್ಪ ತಡೆಯಿರಿ. ಈ ಗ್ಯಾಸ್ ಪೆಟ್ರೋಲಿನ ಹಾಗೆ ಉರಿದು ತೀರುವುದಿಲ್ಲ, ಪೈಪಿನೊಳಗೇ ಸುತ್ತುತ್ತಿರುತ್ತದೆ. ತುಂಬಾ ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿದೆ ಅಂತಲೇ ಲೆಕ್ಕ. ಸೋರಿಕೆ ಹುಡುಕದೆ ತುಂಬಿಸಿದರೆ ದುಡ್ಡು ಸುಮ್ನೆ ಗಾಳಿಗೆ ಹೋಗುತ್ತದೆ.

ಮೊದಲು ಬ್ಲೋವರ್ ಹಾಕಿ. ಗಾಳಿಯೇ ಬರದಿದ್ದರೆ ಅದರ ಫ್ಯೂಸ್, ಮೋಟಾರು ನೋಡಿಸಿ. ಗಾಳಿ ಸಣ್ಣಗೆ ಬಂದರೆ ಕ್ಯಾಬಿನ್ ಫಿಲ್ಟರ್ ತೆಗೆಯಿರಿ, ಹೆಚ್ಚಿನ ಕಾರುಗಳಲ್ಲಿ ಗ್ಲೋವ್ ಬಾಕ್ಸ್ ಹಿಂದಿರುತ್ತದೆ. ಮೆಕ್ಕೆಜೋಳದ ಒಕ್ಕಣೆ ಕಾಲದಲ್ಲಿ ನಮ್ಮ ರಸ್ತೆಗಳಲ್ಲಿ ಹಾರುವ ಧೂಳು, ಹೊಟ್ಟು ಎಲ್ಲ ಅಲ್ಲೇ ಕೂತಿರುತ್ತದೆ.

ಗಾಳಿ ಜೋರಾಗಿದ್ದೂ ತಂಪಿಲ್ಲದಿದ್ದರೆ ಬಾನೆಟ್ ಎತ್ತಿ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಇಂಜಿನ್ ಓಡುತ್ತಿರುವಾಗ ಇನ್ನೊಬ್ಬರಿಗೆ ಎಸಿ ಬಟನ್ ಒತ್ತಲು ಹೇಳಿ. ಸೆರಗು, ದುಪಟ್ಟಾ, ಕೈ ಬೆಲ್ಟಿನಿಂದ ದೂರ ಇರಲಿ. ಗ್ಯಾಸನ್ನು ಒತ್ತಿ ತಳ್ಳುವ ಪಂಪು, ಅಂದರೆ ಕಂಪ್ರೆಸರ್‌ನ ಪುಲ್ಲಿ ಬೆಲ್ಟಿನ ಜೊತೆ ಯಾವಾಗಲೂ ತಿರುಗುತ್ತದೆ, ಅದರ ಮುಂದಿನ ಕ್ಲಚ್ ತಟ್ಟೆ ನಿಂತಿರುತ್ತದೆ. ಬಟನ್ ಒತ್ತಿದಾಗ ‘ಟಕ್’ ಎಂದು ಪುಲ್ಲಿಗೆ ಕಚ್ಚಿಕೊಂಡು ಆ ತಟ್ಟೆಯೂ ತಿರುಗಬೇಕು. ಕೆಲವು ಹೊಸ ಕಾರುಗಳಲ್ಲಿ ಈ ಕ್ಲಚ್ಚೇ ಇರುವುದಿಲ್ಲ, ಅಲ್ಲಿ ಈ ಪರೀಕ್ಷೆ ನಡೆಯದು.

ತಟ್ಟೆ ಅಲ್ಲಾಡದಿದ್ದರೆ ಇಂಜಿನ್ ಆಫ್ ಮಾಡಿ, ಎಸಿ ಫ್ಯೂಸನ್ನು ಬೆಳಕಿಗೆ ಹಿಡಿದು ಒಳಗಿನ ಎಳೆ ಕಡಿದಿದೆಯಾ ನೋಡಿ. ಹೊಸದು ಅಷ್ಟೇ ಆಂಪಿಯರ್‌ನದಿರಲಿ. 10ರ ಜಾಗಕ್ಕೆ 20 ಹಾಕಿದರೆ ವೈರೇ ಸುಟ್ಟೀತು. ಮತ್ತೆ ಹೋದರೆ ಎಲ್ಲೋ ಶಾರ್ಟ್ ಆಗಿದೆ. ಎಸಿ ರಿಲೇಯನ್ನು (ಕರೆಂಟ್ ಬಿಡುವ ಪುಟ್ಟ ಸ್ವಿಚ್ ಡಬ್ಬಿ) ಪಕ್ಕದಲ್ಲಿರುವ ಅದೇ ನಂಬರಿನ ರಿಲೇ ಜೊತೆ ಅದಲುಬದಲು ಮಾಡಿ ನೋಡಿ. ಇಲಿ ವೈರ್ ಕಡಿದಿರುವುದೂ ಉಂಟು.

ಇವೆಲ್ಲ ಸರಿಯಿದ್ದರೆ ಆಗ ಗ್ಯಾಸಿನ ಸರದಿ. ಗ್ಯಾಸ್ ತೀರಾ ಇಳಿದಾಗ ಪ್ರೆಷರ್ ಸ್ವಿಚ್ ಕ್ಲಚ್‌ಗೆ ಕರೆಂಟ್ ಹೋಗದಂತೆ ತಡೆಯುತ್ತದೆ. ಕಂಪ್ರೆಸರ್‌ಗೆ ಎಣ್ಣೆ ತಲುಪುವುದು ಗ್ಯಾಸಿನ ಜೊತೆಗೇ ಅಲ್ವಾ, ಅದು ಒಣಗಿ ಜಾಮ್ ಆಗಬಾರದು. ಆ ಸ್ವಿಚ್ ಬೈಪಾಸ್ ಮಾಡಿ ಓಡಿಸಲು ಯಾರಿಗೂ ಬಿಡಬೇಡಿ.

ಮೆಕ್ಯಾನಿಕ್ ಒತ್ತಡ ಅಳೆಯುವ ಗೇಜ್ ಹಾಕಿದಾಗ ನೀವೂ ಬಗ್ಗಿ ನೋಡಿ. ಆರ್-134ಎ ಗ್ಯಾಸಿನ ಕಾರು 30 ಡಿಗ್ರಿಯಲ್ಲಿ ಆಫ್ ಆಗಿ ತಣ್ಣಗಿದ್ದರೆ ಎರಡೂ ಮುಳ್ಳು 95 ಪಿಎಸ್‌ಐ ಆಸುಪಾಸು ನಿಲ್ಲುತ್ತವೆ. ಅಷ್ಟಿದ್ದ ಮಾತ್ರಕ್ಕೆ ಗ್ಯಾಸ್ ಪೂರ್ತಿ ಇದೆ ಎಂದಲ್ಲ, ಆದರೆ 20–30ಕ್ಕೆ ಇಳಿದಿದ್ದರೆ ಸೋರಿರುವುದು ಖಂಡಿತ. ಜಾಯಿಂಟ್ ಅಥವಾ ರೇಡಿಯೇಟರ್ ಮುಂದಿರುವ ಕಂಡೆನ್ಸರ್ ಮೇಲೆ ಧೂಳು ಮೆತ್ತಿದ ಎಣ್ಣೆ ಕಲೆ ಕಂಡರೆ ಮೊದಲು ಅಲ್ಲೇ ಪರೀಕ್ಷಿಸಲು ಹೇಳಿ. ಪೈಪ್ ಮಾತ್ರ ನೀವೇ ಬಿಚ್ಚಬೇಡಿ. ಈ ಗ್ಯಾಸ್ ಮೈನಸ್ 26 ಡಿಗ್ರಿಗೇ ಕುದಿಯುತ್ತದೆ, ಚಿಮ್ಮಿದರೆ ಕಣ್ಣು, ಚರ್ಮ ಹೆಪ್ಪುಗಟ್ಟುತ್ತವೆ. ಲೀಕ್ ಸರಿಮಾಡಿಸಿ, ವ್ಯಾಕ್ಯೂಮ್ ಹಾಕಿಸಿ (ಪೈಪಿನೊಳಗಿನ ಗಾಳಿ, ತೇವ ಎಳೆದು ತೆಗೆಸಿ), ಬಾನೆಟ್ಟಿನ ಸ್ಟಿಕ್ಕರ್‌ನಲ್ಲಿ ಬರೆದಷ್ಟೇ ಗ್ರಾಂ ತೂಕ ಮಾಡಿ ತುಂಬಿಸಿಕೊಳ್ಳಿ.