ಕಾರಿನ ಹಿಂದಿನ ಡ್ರಮ್ ಬ್ರೇಕ್ ಶೂ ಮನೆಯಲ್ಲೇ ಬದಲಿಸುವುದು

ಚಕ್ರದ ಜೊತೆ ತಿರುಗುವ ಡ್ರಮ್‌ನ ಒಳಮೈಗೆ ಒತ್ತಿ ಕಾರು ನಿಲ್ಲಿಸುವ ಕಮಾನಿನಂಥ ಭಾಗವೇ ಶೂ. ಹಿಂದಿನ ಎರಡೂ ಚಕ್ರಗಳ ನಾಲ್ಕು ಶೂಗಳನ್ನೂ ಒಟ್ಟಿಗೇ ಬದಲಿಸಿ. ಆದರೆ ಬಿಚ್ಚುವುದು ಒಂದೊಂದೇ ಕಡೆ. ಸ್ಪ್ರಿಂಗ್ ಯಾವ ತೂತಿಗೆ ಎಂಬುದು ಮರೆತರೆ ಇನ್ನೊಂದು ಬದಿ ನೋಡಿಕೊಳ್ಳಬಹುದು.

ಮುಂದಿನ ಚಕ್ರಗಳಿಗೆ ಅಡೆ ಕೊಟ್ಟು, ಕಾರನ್ನು ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಲೇಬೇಡಿ. ಹ್ಯಾಂಡ್‌ಬ್ರೇಕ್ ಇಳಿಸಿ, ಚಕ್ರ ಕಳಚಿ.

ಡ್ರಮ್ ಜಗ್ಗದಿದ್ದರೆ ಸುತ್ತಿಗೆಯಿಂದ ಚಚ್ಚಬೇಡಿ. ಸವೆದ ಡ್ರಮ್‌ನ ಒಳ ಅಂಚಿನಲ್ಲಿ ಏಣು ಉಳಿದಿರುತ್ತದೆ, ಶೂ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಬ್ಯಾಕ್‌ಪ್ಲೇಟಿನ (ಶೂಗಳನ್ನು ಕೂರಿಸಿರುವ ಹಿಂಬದಿಯ ತಗಡು) ಕಿಂಡಿಯಿಂದ ಅಡ್ಜಸ್ಟರ್ (ಶೂ ಮತ್ತು ಡ್ರಮ್ ನಡುವಿನ ಅಂತರ ಹೊಂದಿಸುವ ತಿರುಪು) ಸಡಿಲಿಸಿ. ಡ್ರಮ್ ಮುಖದಲ್ಲಿ ಎರಡು ಥ್ರೆಡ್ ತೂತುಗಳಿದ್ದರೆ ಬೋಲ್ಟ್ ಹಾಕಿ ಎರಡನ್ನೂ ಸಮವಾಗಿ ಬಿಗಿಸಿ, ಕಳಚಿಕೊಳ್ಳುತ್ತದೆ.

ಒಳಗಿನ ಕಪ್ಪು ಪುಡಿಯನ್ನು ಊದಬೇಡಿ. ಹಳೆಯ ಶೂಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಬ್ರೇಕ್ ಕ್ಲೀನರ್ ಹಾಕಿ ತೊಳೆಯಿರಿ. ಫೋಟೋ ತೆಗೆದು ಸ್ಪ್ರಿಂಗ್ ಬಿಚ್ಚಿ. ಬ್ರೇಕ್ ದ್ರವದ ಒತ್ತಡದಿಂದ ಶೂಗಳನ್ನು ಹೊರಕ್ಕೆ ತಳ್ಳುವ ವೀಲ್ ಸಿಲಿಂಡರ್‌ನ ರಬ್ಬರ್ ಅಂಚನ್ನು ಮೆಲ್ಲಗೆ ಎತ್ತಿ ನೋಡಿ: ಒಳಗೆ ದ್ರವ ಜಿನುಗಿದ್ದರೆ ಸಿಲಿಂಡರನ್ನೂ ಬದಲಿಸಿ, ಇಲ್ಲವಾದರೆ ಹೊಸ ಶೂಗಳೂ ನೆನೆದು ಹಾಳಾಗುತ್ತವೆ. ಡ್ರಮ್ ತೆಗೆದಿರುವಾಗ ಯಾರೂ ಪೆಡಲ್ ಒತ್ತಬಾರದು, ಪಿಸ್ಟನ್ ಹೊರಬರುತ್ತದೆ.

ಬ್ಯಾಕ್‌ಪ್ಲೇಟಿನಲ್ಲಿ ಶೂ ಉಜ್ಜುವ ಉಬ್ಬುಗಳಿಗೆ ಮಾತ್ರ ಶಾಖ ತಡೆಯುವ ಗ್ರೀಸ್ ತೆಳುವಾಗಿ ಸವರಿ. ಶೂ ಮೇಲೆ ಡ್ರಮ್‌ಗೆ ಉಜ್ಜುವ ಪದರಕ್ಕೆ, ಅಂದರೆ ಲೈನಿಂಗ್‌ಗೆ, ಒಂದು ಹನಿಯೂ ತಾಗಕೂಡದು. ಎಡಬಲದ ಅಡ್ಜಸ್ಟರ್‌ಗಳ ಥ್ರೆಡ್ ಸಾಮಾನ್ಯವಾಗಿ ವಿರುದ್ಧವಾಗಿರುತ್ತವೆ, ಅದಲುಬದಲಾದರೆ ಅವು ಬಿಗಿಯಾಗುವ ಬದಲು ಸಡಿಲವಾಗುತ್ತವೆ. ಡ್ರಮ್ ಮೇಲೆ ಅಚ್ಚಾಗಿರುವ ಗರಿಷ್ಠ ವ್ಯಾಸ ಮೀರಿದ್ದರೆ ಡ್ರಮ್ಮೂ ಹೊಸದು ಬೇಕು.

ಡ್ರಮ್ ಕೂರಿಸಿ ತಿರುಗಿಸಿ. ಶೂ ಸರ್ ಎಂದು ಹಗುರವಾಗಿ ಸವರಬೇಕು, ಹಿಡಿಯಬಾರದು. ಹ್ಯಾಂಡ್‌ಬ್ರೇಕ್ ಕೇಬಲ್ ಹೊಂದಿಸುವುದು ಇದರ ನಂತರವೇ. ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ, ಬಳಿಕವಷ್ಟೇ ಕಾರು ಕದಲಿಸಿ.